ಎರಡಾಳು ನೀರಿಗೆ ಎಂಥ ಸೋನಾರ್?

ಹೊಸ ಫಿಶ್ ಫೈಂಡರ್‌ಗಳ ಜಾಹೀರಾತು ನೋಡಿದರೆ ಮೀನು ತಾನಾಗಿಯೇ ಪರದೆಗೆ ಬಂದು ಹೆಸರು, ತೂಕ ಹೇಳಿ ಹೋಗುತ್ತದೇನೋ ಅನ್ನಿಸುತ್ತದೆ. ಚಿರ್ಪ್, ಡೌನ್ ಸ್ಕ್ಯಾನ್, ಸೈಡ್ ಸ್ಕ್ಯಾನ್, ಲೈವ್ ಎಂದು ಒಂದರ ಹಿಂದೊಂದು ಹೊಸ ಹೆಸರು ಬರುತ್ತಲೇ ಇವೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಕೆರೆ ಗುತ್ತಿಗೆ ಹಿಡಿದವರಿಗೂ ರವಿವಾರ ಗಾಳ ಹಿಡಿದು ದಂಡೆಯಲ್ಲಿ ಕೂರುವವರಿಗೂ ಈ ವಿಡಿಯೊಗಳು ಮೊಬೈಲಿನಲ್ಲಿ ಸಿಗುತ್ತವೆ. ಹೊರದೇಶದಲ್ಲಿರುವ ತಮ್ಮನೋ ಅಳಿಯನೋ ಕಳಿಸಿದ ಸಣ್ಣ ಸೆಟ್ಟು ಮನೆಯಲ್ಲಿದ್ದವರ ಪ್ರಶ್ನೆ ಒಂದೇ: "ಇರೂದನ್ನ ಇಟ್ಕೋಬೇಕೋ, ಹೊಸಾದು ತಗೋಬೇಕೋ ಹೇಳ್ರಿ."

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೆರೆಗಳಲ್ಲಿ ಮೀನು ಹುಡುಕಲೆಂದು ಹೊಸ ಸೋನಾರ್‌ಗೆ ದುಡ್ಡು ಸುರಿಯಬೇಕಿಲ್ಲ. ಕೆರೆಯ ತಳ ತಿಳಿಯಬೇಕೆಂದರೆ ಜಿಪಿಎಸ್ ಇರುವ ಒಂದು ಸಾಧಾರಣ ಚಿರ್ಪ್ ಸೆಟ್ಟು ಸಾಕು. ಲಕ್ಷಗಟ್ಟಲೆಯ ಲೈವ್ ಸೋನಾರ್ ಇಲ್ಲಿಯ ನೀರಿಗೂ ಇಲ್ಲಿಯ ಬಲೆಗೂ ಹೊಂದುವುದಿಲ್ಲ. ಯಾಕೆ ಎನ್ನುವುದು ಆ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದರೆ ತಿಳಿಯುತ್ತದೆ.

ಮೀನುಗಾರಿಕೆಗೆ ಸೋನಾರ್ ಬಂದದ್ದು ಯುದ್ಧದ ಕಡೆಯಿಂದ. ಜಲಾಂತರ್ಗಾಮಿ ಹುಡುಕಲು, ಸಮುದ್ರದ ಆಳ ಅಳೆಯಲು ಇದ್ದ ವಿದ್ಯೆಯನ್ನು ಜಪಾನಿನ ಫುರುನೊ ಸಹೋದರರು 1948ರಲ್ಲಿ ಮೀನುಗಾರರ ದೋಣಿಗೆ ಇಳಿಸಿದರು. ಅಮೆರಿಕದ ಲೋರೆನ್ಸ್ ಕಂಪನಿ 1950ರ ದಶಕದ ಕೊನೆಗೆ ಗಾಳದ ಹವ್ಯಾಸಿಗಳಿಗೂ ಸಣ್ಣ ಪೆಟ್ಟಿಗೆ ಮಾಡಿಕೊಟ್ಟಿತು. ಅಲ್ಲಿಂದ ಇಲ್ಲಿಯವರೆಗೆ ಮೂಲ ತತ್ವ ಬದಲಾಗಿಲ್ಲ. ನೀರಲ್ಲಿ ಮುಳುಗಿಸಿದ ಟ್ರಾನ್ಸ್‌ಡ್ಯೂಸರ್ ಎಂಬ ಬಿಲ್ಲೆ ಕಿವಿಗೆ ಕೇಳದಷ್ಟು ಎತ್ತರದ ಸದ್ದೊಂದನ್ನು ಕೆಳಗೆ ಕಳಿಸುತ್ತದೆ. ಸದ್ದು ತಳಕ್ಕೆ ಬಡಿದು ಮರಳಿ ಬರಲು ಎಷ್ಟು ಹೊತ್ತಾಯಿತು ಎಂದು ಯಂತ್ರ ಎಣಿಸುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುವುದರಿಂದ ಮೂರು ಮೀಟರ್ ಆಳದ ಕೆರೆಯ ತಳಕ್ಕೆ ಹೋಗಿಬರಲು ಸೆಕೆಂಡಿನ ಸಾವಿರ ಭಾಗದಲ್ಲಿ ನಾಲ್ಕು ಭಾಗ ಸಾಕು. ನಡುವೆ ಮೀನಿದ್ದರೆ ಅದರಿಂದಲೂ ಮಾರ್ದನಿ ಬರುತ್ತದೆ, ಅದೂ ಹೆಚ್ಚಾಗಿ ಮಾಂಸದಿಂದಲ್ಲ, ಹೊಟ್ಟೆಯೊಳಗಿನ ಗಾಳಿಚೀಲದಿಂದ. ನೀರಿಗೂ ಮೀನಿನ ಮೈಗೂ ಸದ್ದಿನ ಮಟ್ಟಿಗೆ ಅಂಥ ಅಂತರವಿಲ್ಲ; ನೀರಿಗೂ ಗಾಳಿಗೂ ಇದೆ.

ಕೆರೆಯ ಕೆಸರಿನಿಂದ ಏಳುವ ಗ್ಯಾಸಿನ ಗುಳ್ಳೆಯೂ ಅದೇ ಕಾರಣಕ್ಕೆ ಪರದೆಯ ಮೇಲೆ ಮೀನಿನ ಹಾಗೆಯೇ ಹೊಳೆಯುತ್ತದೆ. ಬೇಸಿಗೆಯಲ್ಲಿ ಕೊಳೆತ ಅಂತರಗಂಗೆ ತಳ ಸೇರಿದ ಕೆರೆಯಲ್ಲಿ ಇಂಥ ಗುಳ್ಳೆ ಧಾರಾಳ. ಪರದೆಯಲ್ಲಿ ಪುಟ್ಟ ಮೀನಿನ ಚಿತ್ರ ಮೂಡಿಸುವ 'ಫಿಶ್ ಐಡಿ' ಹಾಕಿಟ್ಟುಕೊಂಡವರಿಗೆ ಅವೆಲ್ಲ ಎರಡೆರಡು ಕಿಲೋದ ಕಾಟ್ಲಾಗಳಾಗಿ ಕಾಣುತ್ತವೆ. ಆ ಸೌಲಭ್ಯವನ್ನು ಮೊದಲು ಆರಿಸಿಬಿಡಿ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಸದ್ದು ನೂಲಿನಂತೆ ನೆಟ್ಟಗೆ ಇಳಿಯುವುದಿಲ್ಲ, ಶಂಕುವಿನ ಆಕಾರದಲ್ಲಿ ಹರಡುತ್ತ ಇಳಿಯುತ್ತದೆ. ಸಾಮಾನ್ಯವಾಗಿ 200 ಕಿಲೋಹರ್ಟ್ಸ್ ಸದ್ದಿಗೆ ಶಂಕುವಿನ ಅಗಲ 20 ಡಿಗ್ರಿ ಆಸುಪಾಸು. ಅಂದರೆ ತಳದಲ್ಲಿ ಕಾಣುವ ವೃತ್ತದ ಅಡ್ಡಳತೆ ನೀರಿನ ಆಳದ ಮೂರನೇ ಒಂದು ಭಾಗ ಮಾತ್ರ. ಕಡಲಿನಲ್ಲಿ 100 ಮೀಟರ್ ಆಳದಲ್ಲಿ ಬೋಟು ನಿಂತರೆ ಕೆಳಗೆ 35 ಮೀಟರ್ ಅಗಲದ ಬಯಲು ಕಾಣುತ್ತದೆ. ಮೂರು ಮೀಟರ್ ನೀರಿನ ಕೆರೆಯಲ್ಲಿ? ಒಂದು ಮೀಟರ್. ಹರಿಗೋಲಿನ ಅಗಲಕ್ಕಿಂತ ಕಡಿಮೆ! ನಿಮ್ಮ ಹರಿಗೋಲಿನ ಅಡಿಯಲ್ಲಿ, ಅದರ ನೆರಳಿನಲ್ಲಿ, ಹುಟ್ಟಿನ ಸಪ್ಪಳಕ್ಕೂ ಹೆದರದೆ ನಿಂತ ಮೀನನ್ನಷ್ಟೇ ಅದು ತೋರಿಸಬಲ್ಲದು. ಅಷ್ಟು ಆಳ ಕಡಿಮೆಯ ನೀರಲ್ಲಿ ಹಾಗೆ ನಿಲ್ಲುವ ಮೀನು ಅಪರೂಪ.

ಅಗಲ ಬೇಕೆಂದು 60 ಡಿಗ್ರಿ ಶಂಕುವಿನ ಸೆಟ್ಟು ತಂದರೆ? ವೃತ್ತ ಮೂರೂವರೆ ಮೀಟರಿಗೆ ಹಿಗ್ಗುತ್ತದೆ, ನಿಜ. ಆದರೆ ಇನ್ನೊಂದು ತೊಡಕು ಏಳುತ್ತದೆ. ಯಂತ್ರಕ್ಕೆ ತಿಳಿಯುವುದು ದೂರ ಮಾತ್ರ, ದಿಕ್ಕಲ್ಲ. ನೇರ ಕೆಳಗಿನ ತಳ ಮೂರು ಮೀಟರಿಗೆ ಸಿಗುತ್ತದೆ. ಶಂಕುವಿನ ಅಂಚಿನ ತಳಕ್ಕೆ ಓರೆಯಾಗಿ ಮೂರೂವರೆ ಮೀಟರ್ ಹೋಗಬೇಕು. ಅಂಚಿನಲ್ಲಿ ತಳದಿಂದ ಒಂದು ಗೇಣು, ಒಂದೂವರೆ ಗೇಣು ಮೇಲಿರುವ ಮೀನಿನ ಮಾರ್ದನಿ ಬಂದು ಮುಟ್ಟುವ ಹೊತ್ತಿಗೆ ನೇರ ಕೆಳಗಿನ ತಳದ ಸದ್ದು ಬಂದು ಪರದೆಯನ್ನು ತುಂಬಿರುತ್ತದೆ. ಹಾಗಾಗಿ ಅಂಚಿನಲ್ಲಿ ತಳದಿಂದ ಸುಮಾರು 40 ಸೆಂಟಿಮೀಟರ್‌ವರೆಗಿನ ಪದರ ಕುರುಡು. ಇದು ಯಂತ್ರದ ದೋಷವಲ್ಲ, ರೇಖಾಗಣಿತ. ಎಷ್ಟು ಹೊಸ ಮಾದರಿಯಾದರೂ ಒಂದೇ ಬಿಲ್ಲೆಯಿಂದ ಅಗಲವಾಗಿ ಕೆಳಗೆ ನೋಡುವ ಸೋನಾರ್ ಇದನ್ನು ತಪ್ಪಿಸಿಕೊಳ್ಳಲಾರದು.

ಮೇಲ್ಗಡೆಯೂ ಒಂದು ಕುರುಡು ಪದರ ಉಂಟು. ಸದ್ದು ಕಳಿಸಿದ ಬಿಲ್ಲೆಯ ನಡುಕ ತಕ್ಷಣ ನಿಲ್ಲುವುದಿಲ್ಲ. ಅದು ನಿಲ್ಲುವತನಕ ಹತ್ತಿರದ ಮಾರ್ದನಿ ಕೇಳುವುದಿಲ್ಲ. ತೆರೆಯ ಗಾಳಿಗುಳ್ಳೆಯ ಗದ್ದಲ ಬೇರೆ. ಬಿಲ್ಲೆಯ ಕೆಳಗಿನ ಅರ್ಧ ಮೀಟರ್ ಆಸುಪಾಸಿನ ನೀರು ಲೆಕ್ಕಕ್ಕಿಲ್ಲವೆಂದೇ ಇಟ್ಟುಕೊಳ್ಳಿ.

ಇದಕ್ಕೆ ನಾವು ಕೆರೆಗೆ ಬಿಡುವ ಮೀನುಗಳನ್ನು ಹೊಂದಿಸಿ ನೋಡಿದರೆ ತಮಾಷೆಯಾಗಿದೆ. ಕಾಟ್ಲಾ ಮೇಲ್ಮಟ್ಟದ ನೀರಿನಲ್ಲಿ ಬಾಯಿ ಮೇಲೆ ಮಾಡಿ ತಿನ್ನುವ ಮೀನು. ಅದು ಮೇಲಿನ ಕುರುಡು ಪದರದಲ್ಲಿ ಓಡಾಡಿಕೊಂಡಿರುತ್ತದೆ. ಮೃಗಾಲ್ ತಳದ ಕೊಳೆಯನ್ನು ಕೆದಕಿ ಬದುಕುವುದು. ಸಾಮಾನ್ಯ ಗೆಂಡೆಯೂ ಹಾಗೇ. ಅವೆರಡೂ ಕೆಳಗಿನ ಕುರುಡು ಪದರಕ್ಕೆ ಸೇರಿದವು. ನಡುನೀರಿನ ರೋಹು ಮಾತ್ರ ಪರದೆಗೆ ದಕ್ಕಬೇಕು, ಅದೂ ದೋಣಿಯ ಅಡಿಗೆ ಬರುವ ಕೃಪೆ ಮಾಡಿದರೆ.

ಚಿರ್ಪ್ ಎಂಬುದು ಇಲ್ಲಿ ಏನು ಮಾಡುತ್ತದೆ? ಹಳೆಯ ಸೆಟ್ಟು ಒಂದೇ ಸ್ವರವನ್ನು ಚಿಟಿಕೆ ಹೊಡೆದಂತೆ ಕಳಿಸುತ್ತದೆ. ಆ ಚಿಟಿಕೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಉದ್ದವಿದ್ದರೂ ಒಂದರ ಮೇಲೊಂದು ಏಳೂವರೆ ಸೆಂಟಿಮೀಟರಿಗಿಂತ ಹತ್ತಿರವಿರುವ ಎರಡು ಮೀನು ಒಂದೇ ಗೆರೆಯಾಗಿ ಕೂಡಿಕೊಳ್ಳುತ್ತವೆ. ಚಿರ್ಪ್ ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ಏರುವ ಸದ್ದು ಕಳಿಸುತ್ತದೆ, 150ರಿಂದ 240 ಕಿಲೋಹರ್ಟ್ಸ್ ಎಂಬಂತೆ. ಮರಳಿ ಬಂದದ್ದನ್ನು ಕಳಿಸಿದ್ದರ ಜೊತೆ ತಾಳೆ ಹಾಕಿ ಯಂತ್ರ ಒಂದು ಸೆಂಟಿಮೀಟರ್ ಅಂತರವನ್ನೂ ಬಿಡಿಸಬಲ್ಲದು. ತಳಕ್ಕೆ ಅಂಟಿದಂತೆ ನಿಂತ ಮೃಗಾಲ್, ದೋಣಿಯ ನೇರ ಕೆಳಗೆ ಇದ್ದರೆ, ಆಗ ತಳದಿಂದ ಬೇರೆಯಾಗಿ ಕಾಣುತ್ತದೆ. ಇದು ನಿಜವಾದ ಸುಧಾರಣೆ. ಹೊಸದಾಗಿ ಕೊಳ್ಳುವವರಿಗೆ ಈಗ ಅಗ್ಗದ ಸೆಟ್ಟಿನಲ್ಲೂ ಇದು ಸಿಗುವುದರಿಂದ ಚಿರ್ಪ್ ಇಲ್ಲದ್ದನ್ನು ಕೊಳ್ಳಬೇಡಿ.

ಹಳೆಯದು ಇದ್ದವರು ಬದಲಿಸಬೇಕೇ ಎಂದರೆ, ಮೊದಲು ಪರದೆಯ ಚುಕ್ಕಿ ಎಣಿಸಿ. ಐದಿಂಚಿನ ಪರದೆಯಲ್ಲಿ ಮೇಲಿಂದ ಕೆಳಗೆ 480 ಚುಕ್ಕಿ ಇದ್ದು, ಆಳದ ಮಿತಿ 30 ಮೀಟರ್‌ಗೆ ನಿಂತಿದ್ದರೆ ಒಂದು ಚುಕ್ಕಿಗೆ ಆರು ಸೆಂಟಿಮೀಟರ್. ಯಂತ್ರ ಒಂದು ಸೆಂಟಿಮೀಟರ್ ಬಿಡಿಸಿದರೂ ತೋರಿಸಲು ಜಾಗವೇ ಇಲ್ಲ. ಮಿತಿಯನ್ನು ಕೈಯಿಂದ ಐದು ಮೀಟರ್‌ಗೆ ಇಳಿಸಿದರೆ ಚುಕ್ಕಿಗೆ ಒಂದು ಸೆಂಟಿಮೀಟರ್ ಬರುತ್ತದೆ. ಕಾಸಿಲ್ಲದ ಈ ಸುಧಾರಣೆಯನ್ನು ಮಾಡದೆ ಹಳೆಯ ಸೆಟ್ಟನ್ನು ಬೈದವರೇ ಹೆಚ್ಚು. ಬಿಲ್ಲೆಯನ್ನು ದೋಣಿಯ ಬದಿಗೆ ಬಿದಿರು ಕಟ್ಟಿ ನೀರಿನೊಳಗೆ ಒಂದು ಗೇಣು ಇಳಿಬಿಡುವುದು, ಮುಖ ನೆಟ್ಟಗೆ ಕೆಳಗೆ ಇರುವಂತೆ ನೋಡುವುದು, ಅದಕ್ಕೆ ಅಂಟಿದ ಗುಳ್ಳೆ, ಪಾಚಿ ಒರೆಸುವುದು, ಸೂಕ್ಷ್ಮತೆಯನ್ನು ಪರದೆ ತುಂಬ ಚುಕ್ಕಿ ಏಳುವತನಕ ಏರಿಸಿ ಅಲ್ಲಿಂದ ಸ್ವಲ್ಪ ಇಳಿಸುವುದು. ಇಷ್ಟು ಮಾಡಿದ ಮೇಲೂ ಅತೃಪ್ತಿ ಉಳಿದರೆ ಆಗ ಅಂಗಡಿಯ ಮಾತು.

ಪರದೆಯಲ್ಲಿ ಮೀನು ಕಮಾನಿನ ಹಾಗೆ ಯಾಕೆ ಕಾಣುತ್ತದೆ ಎಂಬುದೂ ತಿಳಿದಿರಲಿ. ದೋಣಿ ಸಾಗುವಾಗ ಮೀನು ಶಂಕುವಿನ ಅಂಚಿನಲ್ಲಿ ಒಳಬರುತ್ತದೆ, ಆಗ ದೂರ ಹೆಚ್ಚು. ನಡುವೆ ಬಂದಾಗ ಕಡಿಮೆ. ಹೊರಹೋಗುವಾಗ ಮತ್ತೆ ಹೆಚ್ಚು. ಆ ಏರಿಳಿತವೇ ಕಮಾನು. ನಿಂತ ದೋಣಿಯ ಕೆಳಗೆ ನಿಂತ ಮೀನು ಕಮಾನಾಗುವುದಿಲ್ಲ, ಉದ್ದ ಗೆರೆಯಾಗುತ್ತದೆ. ಗೆರೆಯ ಉದ್ದಕ್ಕೂ ಮೀನಿನ ಉದ್ದಕ್ಕೂ ಸಂಬಂಧವಿಲ್ಲ.

ಇನ್ನು ಸೈಡ್ ಸ್ಕ್ಯಾನ್. ಇದು ಹವ್ಯಾಸಿಗಳ ದೋಣಿಗೆ ಬಂದದ್ದು 2005ರ ಸುಮಾರಿಗೆ, ಹಮ್ಮಿನ್‌ಬರ್ಡ್ ಕಂಪನಿಯಿಂದ. ತೆಳ್ಳಗಿನ ಬೀಸಣಿಗೆಯಂಥ ಸದ್ದನ್ನು ಎಡಕ್ಕೂ ಬಲಕ್ಕೂ ಬೀಸಿ, ಒಂದೊಂದು ಪಟ್ಟಿಯಾಗಿ ಚಿತ್ರ ಕಟ್ಟುತ್ತ ಹೋಗುತ್ತದೆ. ಆಳ ಕಡಿಮೆಯ ನೀರಿಗೆ ಇದೇ ಸರಿಯಾದ ಉತ್ತರ ಎಂದು ಕಾಗದದ ಮೇಲೆ ಅನ್ನಿಸುತ್ತದೆ, ಯಾಕೆಂದರೆ ದೋಣಿಯ ಅಡಿಯ ಬದಲು ಆಚೀಚೆ ಹತ್ತು ಇಪ್ಪತ್ತು ಮೀಟರ್ ಕಾಣುತ್ತದೆ. ಮುಳುಗಿದ ಜಾಲಿಮರದ ಬೊಡ್ಡೆ, ಹಳೆಯ ಕಟ್ಟೆ, ಬಂಡೆ ಎಲ್ಲವೂ ನೆರಳು ಸಮೇತ ಮೂಡುತ್ತವೆ. ಆದರೆ ಚಿತ್ರ ಸರಿ ಬರಬೇಕಾದರೆ ದೋಣಿ ನಡೆದಾಡುವ ವೇಗದಲ್ಲಿ ಗೆರೆ ಎಳೆದಂತೆ ನೇರ ಸಾಗಬೇಕು. ನಮ್ಮ ಹರಿಗೋಲು ಹುಟ್ಟು ಹಾಕಿದಷ್ಟು ಸಲ ಸುತ್ತುತ್ತದೆ. ಪ್ರತಿ ಸುತ್ತಿಗೂ ಎಡ ಬಲವಾಗಿ, ಬಲ ಎಡವಾಗಿ, ಚಿತ್ರ ನೀರು ಬಿದ್ದ ಶಾಯಿಯಂತೆ ಕದಡಿಹೋಗುತ್ತದೆ. ಥರ್ಮಾಕೋಲಿನ ತೆಪ್ಪ, ಟ್ಯೂಬಿನ ತೆಪ್ಪದ್ದೂ ಅದೇ ಕತೆ. ಮೂತಿಯಿರುವ ದೋಣಿ, ಸಣ್ಣ ಮೋಟಾರು ಇಲ್ಲದವರಿಗೆ ಸೈಡ್ ಸ್ಕ್ಯಾನ್ ದಂಡ.

ಈ ಬಗೆಯ ಸೋನಾರ್ ಯಾವುದಕ್ಕೆ ಹೇಳಿ ಮಾಡಿಸಿದ್ದು, ಎಲ್ಲಿ ಸೋಲುತ್ತದೆ ಎರಡನ್ನೂ ನಾವು ಹತ್ತಿರದಲ್ಲೇ ಕಂಡಿದ್ದೇವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಲಾರಿ ಗಂಗಾವಳಿ ನದಿ ಸೇರಿದಾಗ ಸೇನೆ, ನೌಕಾಪಡೆಗಳು ಸೋನಾರ್ ತಂದವು. ನೀರಡಿಯಲ್ಲಿ ದೊಡ್ಡ ಲೋಹದ ವಸ್ತು ಇದೆಯೆಂಬ ಸುಳಿವು ಕೆಲವೇ ದಿನಗಳಲ್ಲಿ ಸಿಕ್ಕಿತು. ಮಳೆಗಾಲದ ಹೊಳೆಯ ಸೆಳವಿನಲ್ಲಿ, ಗುಡ್ಡದ ಮಣ್ಣು ತುಂಬಿದ ನೀರಿನಲ್ಲಿ ಮುಳುಗುಗಾರರು ಅಲ್ಲಿಗೆ ಇಳಿಯುವುದೇ ಕಷ್ಟವಾಯಿತು. ಲಾರಿ ಹೊರಬಂದದ್ದು ಗೋವೆಯಿಂದ ಹೂಳೆತ್ತುವ ಹಡಗು ಬಂದ ಮೇಲೆ, ಸೆಪ್ಟೆಂಬರ್ 25ರಂದು. ಗಡಸು, ದೊಡ್ಡ, ಅಲುಗದ ವಸ್ತುವನ್ನು ಹುಡುಕುವುದು ಬೇರೆ. ಕೆಸರಿನ ಮೇಲೆ ಓಡಾಡುವ ಒಂದು ಕಿಲೋದ ಮೀನು ಬೇರೆ.

ಅತಿ ಹೊಸದೆಂದರೆ ಲೈವ್ ಸೋನಾರ್. ಗಾರ್ಮಿನ್ ಕಂಪನಿ 2018ರಲ್ಲಿ ಲೈವ್‌ಸ್ಕೋಪ್ ಬಿಟ್ಟಿತು, ಬೆನ್ನಿಗೇ ಲೋರೆನ್ಸ್, ಹಮ್ಮಿನ್‌ಬರ್ಡ್ ಕೂಡ ತಮ್ಮ ತಮ್ಮದನ್ನು ತಂದವು. ಸಾಲಾಗಿ ಜೋಡಿಸಿದ ಹತ್ತಾರು ಚಿಕ್ಕ ಬಿಲ್ಲೆಗಳು ಸದ್ದನ್ನು ಬೇಕಾದ ದಿಕ್ಕಿಗೆ ತಿರುಗಿಸುವುದರಿಂದ ದೂರದ ಜೊತೆ ದಿಕ್ಕೂ ತಿಳಿಯುತ್ತದೆ. ಮುಂದೆ ಹೋಗುವ ಮೀನು ಬಾಲ ಆಡಿಸುವುದು, ಗಾಳದ ಹತ್ತಿರ ಬಂದು ಮೂಸಿ ತಿರುಗುವುದು ಸಿನಿಮಾದಂತೆ ಕಾಣುತ್ತದೆ. ತಂತ್ರಜ್ಞಾನವಾಗಿ ಇದಕ್ಕೆ ಕೈಮುಗಿಯಬೇಕು. ಅಮೆರಿಕದಲ್ಲಿ ಇದು ಎಷ್ಟು ಫಲಕಾರಿ ಎಂದರೆ ಅಲ್ಲಿಯ ಒಂದು ವೃತ್ತಿಪರ ಗಾಳದ ಪಂದ್ಯಾವಳಿ 2024ರಿಂದ ಇದನ್ನು ನಿಷೇಧಿಸಿತು, ಬೇರೆಯವೂ ಮಿತಿ ಹೇರಿದವು.

ಆದರೆ ಅದು ಮಾಡುವ ಕೆಲಸ ಒಂದೊಂದೇ ಮೀನನ್ನು ಗುರಿಯಿಟ್ಟು ಗಾಳ ಎಸೆಯುವವನದ್ದು. ಎಳೆಬಲೆಯವನಿಗೆ, ರಾತ್ರಿ ಬಲೆ ಬಿಟ್ಟು ನಸುಕಿಗೆ ಎತ್ತುವವನಿಗೆ ಅದರಿಂದ ಏನೂ ಆಗಬೇಕಿಲ್ಲ. ಎರಡು ಮೀಟರ್ ನೀರಲ್ಲಿ ಸದ್ದು ತಳಕ್ಕೂ ಮೇಲ್ಮೈಗೂ ಬಡಿದು ಬಡಿದು ಚಿತ್ರದ ತುಂಬ ಮಬ್ಬು ಹರಡುತ್ತದೆ. ಮೊದಲು ಬಂದಾಗ ಅಮೆರಿಕದಲ್ಲೇ ಬೆಲೆ 1,500 ಡಾಲರ್, ಪರದೆ ಬೇರೆ. ಬ್ಯಾಟರಿಯ ಲೆಕ್ಕವನ್ನೂ ಮರೆಯಬಾರದು. ಹನ್ನೆರಡು ವೋಲ್ಟಿನ, 7 ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯಲ್ಲಿ ಇರುವುದು 84 ವಾಟ್-ಗಂಟೆ. ಆರು ವಾಟ್ ತಿನ್ನುವ ಐದಿಂಚಿನ ಸೆಟ್ಟು ದಿನವಿಡೀ ಓಡುತ್ತದೆ. ಪರದೆಯೂ ಸೇರಿ 50 ವಾಟ್ ಎಳೆಯುವ ಲೈವ್ ವ್ಯವಸ್ಥೆ ಒಂದೂವರೆ ತಾಸಿಗೆ ಆರುತ್ತದೆ. ದೊಡ್ಡ ಬ್ಯಾಟರಿ ಹೊತ್ತು ತೆಪ್ಪ ಹತ್ತುವುದು ಯಾರಿಗೆ ಬೇಕು?

ಹಾಗಾದರೆ ಹೊಸ ಸೋನಾರ್ ಯಾರಿಗೆ? ಕರಾವಳಿಯವರಿಗೆ, ಸಂಶಯವಿಲ್ಲ. ಮಲ್ಪೆ, ಮಂಗಳೂರಿನ ಆಳಸಮುದ್ರದ ಬೋಟಿಗೆ ಮೀನು ಹುಡುಕುವುದೇ ಕಸುಬು, ಹುಡುಕಾಟದ ಪ್ರತಿ ತಾಸೂ ಡೀಸೆಲ್. ಕರ್ನಾಟಕದಲ್ಲಿ 1970ರ ದಶಕದಲ್ಲಿ ಪರ್ಸೀನ್ ಬಂದು ದಡದಿಂದ ಎಳೆಯುವ ರಂಪಣಿಯನ್ನು ಮೂಲೆಗೆ ತಳ್ಳಿತು. ಬಂಗಡೆ, ಭೂತಾಯಿಯ ಹಿಂಡನ್ನು ಸುತ್ತುವರಿಯುವ ಆ ಬಲೆಗೆ ಹಿಂಡು ಎಡಕ್ಕಿದೆಯೋ ಬಲಕ್ಕಿದೆಯೋ, ಯಾವ ಕಡೆ ಸರಿಯುತ್ತಿದೆ ಎಂದು ಹೇಳುವ ಸೋನಾರ್ ಬಲೆಯಷ್ಟೇ ಮುಖ್ಯ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಬಿಸಿ, ಹಸಿರು ನೋಡಿ ಮೀನು ಸಿಗಬಹುದಾದ ವಲಯ ಹೇಳುತ್ತದೆ. ಅಲ್ಲಿಗೆ ಹೋದಮೇಲೆ ಅಡಿಯಲ್ಲಿ ಏನಿದೆಯೆಂದು ಹೇಳುವುದು ಸೋನಾರ್. ಉಪ್ಪುನೀರು ಎತ್ತರದ ಸ್ವರವನ್ನು ಬೇಗ ಹೀರುವುದರಿಂದ ಅವರಿಗೆ 50 ಕಿಲೋಹರ್ಟ್ಸ್‌ನಂಥ ತಗ್ಗಿನ ಸ್ವರ ಬೇಕು, ಹೆಚ್ಚಿನ ಶಕ್ತಿ ಬೇಕು. ನಮ್ಮ ಕೆರೆಯ ಸಿಹಿನೀರಿಗೆ ಅದರ ಹಂಗಿಲ್ಲ.

ನಮ್ಮಲ್ಲಿ ಮೀನು ಕಾಡಿನ ಬೇಟೆಯಲ್ಲ, ಬಿತ್ತಿದ ಬೆಳೆ. ಮಳೆಗಾಲದಲ್ಲಿ ಮರಿ ಬಿಟ್ಟವರು ನಾವೇ. ಎಲ್ಲಿ ಹೋಗಿದೆ ಎಂದು ಹುಡುಕುವ ಪ್ರಶ್ನೆ ಏಳುವುದಿಲ್ಲ, ಕೆರೆಯಲ್ಲೇ ಇದೆ. ಬೇಸಿಗೆಗೆ ನೀರು ಇಳಿದು ತಗ್ಗಿಗೆ ಸೇರಿದಾಗ ಎಳೆಬಲೆಗೆ ಬರುತ್ತದೆ. ಗುತ್ತಿಗೆದಾರನನ್ನು ಮುಳುಗಿಸುವುದು ಕಾಣದ ಮೀನಲ್ಲ. ಮರಿಯಲ್ಲಿದ್ದಾಗಲೇ ಕೊರವ ಮೀನಿನ ಬಾಯಿಗೆ ಬೀಳುವ ಮೀನು, ಏಪ್ರಿಲ್ ನಸುಕಿನಲ್ಲಿ ಆಮ್ಲಜನಕ ಸಾಲದೆ ಮೇಲೆ ಬಂದು ಬಾಯಿ ಬಿಡುವ ಮೀನು, ಸಂತೆ ಮುಟ್ಟುವುದರೊಳಗೆ ಕೆಡುವ ಮೀನು. ಲೈವ್ ಸೋನಾರ್‌ನ ದುಡ್ಡಿಗೆ ನೀರಿನ ಆಮ್ಲಜನಕ ನೋಡುವ ಕಿಟ್ಟು, ಬೆರಳುದ್ದ ಬೆಳೆದ ಮರಿ, ಮಂಜುಗಡ್ಡೆ ಪೆಟ್ಟಿಗೆ ಮೂರೂ ಬಂದು ಇನ್ನೂ ಉಳಿಯುತ್ತದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಂಜು ಪೆಟ್ಟಿಗೆಯ ಬೈಕಿಗೆ ಸಾಮಾನ್ಯ ವರ್ಗದವರಿಗೆ ಶೇಕಡಾ 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇಕಡಾ 60 ಸಹಾಯಧನ ಇಟ್ಟಿದ್ದರು. ಈಗ ಏನಿದೆಯೆಂದು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ.

ಇಷ್ಟು ಹೇಳಿದ ಮೇಲೂ ಒಂದು ಸಾಧಾರಣ ಸೆಟ್ಟಿಗೆ ನಾನು ವಾದ ಹೂಡುತ್ತೇನೆ, ಮೀನಿಗಾಗಿ ಅಲ್ಲ, ಹೂಳಿಗಾಗಿ. ಹಾನಗಲ್ಲಿನ ಆನೆಕೆರೆ, ಸವಣೂರಿನ ಮೋತಿ ತಲಾಬ, ಶಿಗ್ಗಾಂವಿ ಬಳಿಯ ನಾಗನೂರು ಕೆರೆ, ಹಿರೇಕೆರೂರಿನ ದುರ್ಗಾದೇವಿ ಕೆರೆ, ಕುಮುದ್ವತಿಗೆ ಕಟ್ಟಿದ ಮದಗ ಮಾಸೂರಿನ ಕೆರೆ: ಇಂಥವುಗಳ ಮಾತು ಬಂದಾಗ ಹೂಳಿನ ಮಾತೂ ಬರುತ್ತದೆ. ಎಷ್ಟು ಹೂಳು, ಎಲ್ಲಿ ಹೆಚ್ಚು ಎಂದರೆ ಕೈ ತೋರಿಸುವವರೇ ಎಲ್ಲ. ಜಿಪಿಎಸ್ ಇರುವ ಚಿರ್ಪ್ ಸೆಟ್ಟು ಪ್ರತಿ ಕ್ಷಣದ ಆಳವನ್ನು ಜಾಗದ ಸಮೇತ ಬರೆದಿಟ್ಟುಕೊಂಡು ಸಮ ಆಳದ ಗೆರೆಗಳ ನಕ್ಷೆ ಬಿಡಿಸುತ್ತದೆ. ಇಲ್ಲಿ ಹರಿಗೋಲು ಸುತ್ತಿದರೂ ಅಡ್ಡಿಯಿಲ್ಲ, ಯಂತ್ರ ನೋಡುವುದು ನೇರ ಕೆಳಗೆ ಮಾತ್ರ. ಒಳ್ಳೆಯ ಗೆರೆ ಬರಬೇಕಾದರೆ ದಂಡೆಯಿಂದ ದಂಡೆಗೆ ಹತ್ತು ಮೀಟರಿಗೊಂದು ಸಾಲಿನಂತೆ, ಎಡೆ ಹೊಡೆದ ಹಾಗೆ, ಹೋಗಿಬರಬೇಕು. ಸಂಘದ ಇಬ್ಬರು ಸೇರಿದರೆ ಸಣ್ಣ ಕೆರೆ ಒಂದೆರಡು ದಿನದ ಕೆಲಸ. ದೋಣಿಯೇ ಇಲ್ಲದವರಿಗೆ ಗಾಳದ ದಾರಕ್ಕೆ ಕಟ್ಟಿ ಎಸೆಯುವ ಚೆಂಡಿನಾಕಾರದ ಸೋನಾರ್ ಸಿಗುತ್ತದೆ. ಅದು ವೈಫೈಯಿಂದ ಮೊಬೈಲಿಗೇ ಚಿತ್ರ ಕಳಿಸುತ್ತದೆ. ದಂಡೆಯಲ್ಲಿ ಗಾಳ ಹಾಕುವವರಿಗೂ ನಾನು ಹೇಳುವುದು ಅದನ್ನೇ.

ಹೂಳಿನ ದಪ್ಪ ತಿಳಿಯಲು ಎರಡು ಸ್ವರದ ಸೆಟ್ಟು ಇನ್ನೂ ಮೇಲು. ಎತ್ತರದ 200 ಕಿಲೋಹರ್ಟ್ಸ್ ಮೆತ್ತಗಿನ ಕೆಸರಿನ ಮೇಲ್ಮೈಯಿಂದಲೇ ಮರಳುತ್ತದೆ. ತಗ್ಗಿನ 50 ಕಿಲೋಹರ್ಟ್ಸ್ ಕೆಸರಿನೊಳಗೆ ಒಂದಷ್ಟು ಇಳಿದು ಗಟ್ಟಿ ನೆಲದತ್ತ ಸಾಗುತ್ತದೆ. ಎರಡರ ನಡುವಿನ ಅಂತರ ಹೂಳಿನ ಅಂದಾಜು. ಕೆಸರಿನಲ್ಲಿ ಗ್ಯಾಸು ತುಂಬಿದ್ದರೆ ತಗ್ಗಿನ ಸ್ವರವೂ ಒಳಗೆ ಇಳಿಯದು, ಹಾಗಾಗಿ ನಾಲ್ಕಾರು ಕಡೆ ಗಳ ಚುಚ್ಚಿ ತಾಳೆ ನೋಡಲೇಬೇಕು.

ಮುಂಡಗೋಡ ತಾಲ್ಲೂಕಿನ ಮಳಗಿಯ ಧರ್ಮಾ ಜಲಾಶಯದಂಥ, ಕೆರೆಗಿಂತ ಹೆಚ್ಚು ಆಳದ ನೀರಿಗೆ ಹೋಗುವವರ ಲೆಕ್ಕ ಬೇರೆ. ಹದಿನೈದು ಮೀಟರ್ ಆಳ ಸಿಕ್ಕರೆ 20 ಡಿಗ್ರಿ ಶಂಕುವೂ ಐದು ಮೀಟರ್ ಅಗಲ ತೋರಿಸುತ್ತದೆ, ಮೀನೂ ದೋಣಿಗೆ ಅಷ್ಟು ಹೆದರುವುದಿಲ್ಲ, ಮುಳುಗಿದ ಮರಗಳಿದ್ದರೆ ಬಲೆ ಹರಿಯದಂತೆ ನೋಡಿಕೊಳ್ಳಲು, ಬೀಸಣಿಗೆಯಂಥ ಸದ್ದನ್ನು ನೇರ ಕೆಳಗೆ ಬೀಸಿ ಚಿತ್ರ ಕಟ್ಟುವ ಡೌನ್ ಸ್ಕ್ಯಾನ್ ಕೆಲಸಕ್ಕೆ ಬರುತ್ತದೆ. ಅಂಥವರು ಚಿರ್ಪ್, ಡೌನ್ ಸ್ಕ್ಯಾನ್, ಜಿಪಿಎಸ್ ಮೂರೂ ಇರುವ ಏಳಿಂಚಿನ ಸೆಟ್ಟು ನೋಡಬಹುದು. ಬಳಸಿದ್ದನ್ನು ಕೊಳ್ಳುವುದಾದರೆ ಪರದೆಗಿಂತ ಬಿಲ್ಲೆಯ ಕೇಬಲ್ಲನ್ನು ಪರೀಕ್ಷಿಸಿ. ಕತ್ತರಿಸಿ ಜೋಡಿಸಿದ ಕೇಬಲ್ಲಿನ ಸೆಟ್ಟು ಎಷ್ಟು ಅಗ್ಗವಾದರೂ ಬೇಡ. ಬಿಲ್ಲೆಯ ಮುಖದಲ್ಲಿ ಬಿರುಕು ಇರಕೂಡದು. ಮಾರುವವನ ಎದುರಿಗೇ ಬಕೆಟ್ಟಿನಲ್ಲಿ ಅಲ್ಲ, ಗಳ ಇಳಿಸಿ ಆಳ ಅಳೆದ ನೀರಿನಲ್ಲಿ ಮುಳುಗಿಸಿ ಅಂಕಿ ತಾಳೆಯಾಗುತ್ತದೋ ನೋಡಿ. ಬಕೆಟ್ಟಿನಷ್ಟು ನೀರಲ್ಲಿ ಒಳ್ಳೆಯ ಸೆಟ್ಟೂ ತಪ್ಪು ಅಂಕಿ ತೋರಿಸುತ್ತದೆ.